ಹಂಡೆ ಸೇಡಂದು, ಮುಚ್ಚಳ ಚಿತ್ತಾಪುರದ್ದು

ಸೇಡಂ
16 ಜನವರಿ 2025

ಗುರುವಿನ ಪಾದ ನೆನೆದು ಬಸವಿಗೆ ಬರೆಯುವುದು,

ಮೊದಲೇ ಹೇಳಿಬಿಡ್ತೀನಿ, ಈ ಪತ್ರ ಓದಿದ್ರ ನಿನ್ನ ಆಣಿ ಮುರಿಯಂಗಿಲ್ಲ. ನಮ್ಮ ಕೊಡ್ಲಿ ಮಠದ ಅಪ್ಪಾವರಿಗೆ ಕೇಳೇ ಬರಿಯಾಕತ್ತೀನಿ. "ಬಾಯಿಬಿಟ್ಟು ಆಡಂಗಿಲ್ಲ ಅಂತ ಆಣಿ ಮಾಡೀರಿ, ಬರಿಯಂಗಿಲ್ಲ ಅಂತ ಮಾಡಿಲ್ಲಲ್ಲ? ಬರೀರಿ" ಅಂದ್ರು. ಅಂದು ನಕ್ರು. ನಕ್ಕಿದ್ದು ನನಗ ಸೇರಲಿಲ್ಲ, ಆದ್ರ ಗುರುಗಳು.

ನಿನ್ನ ಸ್ಟೀಲ್ ಡಬ್ಬಿ ದೀಪಾವಳಿಯಿಂದ ನನ್ನ ಕಪಾಟದಾಗ ಕುಂತಿತ್ತು. ಬಂದೇನವಾಜನ ಟಂಟಂ ಗಾಡಿಯಾಗ ಕಳಿಸೀನಿ. ಡಬ್ಬಿ ಬರಿದು ಕಳಿಸಬಾರದು ಅಂತ ಎಳ್ಳು ಬೆಲ್ಲ ತುಂಬೀನಿ. ಎಳ್ಳು ಬೆಲ್ಲ ತಗೊಂಡು ಛಲೋ ಮಾತಾಡು ಅನ್ನೋದು ಪದ್ಧತಿ. ನೀ ಮಾತಾಡಂಗಿಲ್ಲ. ಬರೇ ತಿನ್ನು.

ಇಪ್ಪತ್ತೈದು ವರ್ಷ ಆಯ್ತು ನಾವಿಬ್ರೂ ಲಗ್ನದ ಅಡಗಿಗೆ ಹಂಡೆ ಭಾಂಡೆ ಬಾಡಿಗಿ ಕೊಡಾಕತ್ತು. ನಾ ಸೇಡಂದಾಗ, ನೀ ಚಿತ್ತಾಪುರದಾಗ. ನಿನಗ ಕಡಿಮಿ ಬಿದ್ರ ನನ್ನವು, ನನಗ ಕಡಿಮಿ ಬಿದ್ರ ನಿನ್ನವು. ಯಾರ ಹಂಡೆ ಯಾರ ಅಂಗಡಿಯಾಗ ಅದ ಅಂತ ಒಮ್ಮೆನೂ ಕೇಳಿದ್ದಿಲ್ಲ. ಈಗ ಹಿಂಗ ಯಾಕಾಯ್ತು ಅಂತ ನೀ ಕೇಳಲಿಲ್ಲ. ಲಿಂಗ ಹಿಡಿದು ಆಣಿ ಮಾಡಿ, ತಿರುಗಿ ಬಸ್ ಹತ್ತಿದಿ. ಅದಕ್ಕ ಬರದು ಹೇಳ್ತೀನಿ.

ಡಿಸೆಂಬರದಾಗ ನನ್ನ ಮಗ ಸಂತೋಷಕುಮಾರ ಕಲಬುರಗಿಗೆ ಮೂರು ದಿನದ ಶಿಬಿರಕ್ಕ ಹೋಗಿದ್ದ. 'ಪುರಾತನ ರಾಜನೀತಿ, ಇಂದಿನ ವ್ಯಾಪಾರ' ಅಂತ ಶಿಬಿರದ ಹೆಸರು. ಊಟ ಅವರದೇ. ಹೋಗಬೇಕಾದ್ರ ನನ್ನ ಮಗ ಇದ್ದ, ಬರಬೇಕಾದ್ರ ಮಂತ್ರಿ ಆಗಿ ಬಂದ. ಅಂಗಡಿ ನೆಲದ ಫರ್ಸಿ ಮ್ಯಾಲ ಸಾಲಿ ಮಾಸ್ತರರಂಗ ಖಡುವಿಲೆ ಒಂದರ ಸುತ್ತ ಒಂದು ನಾಕು ಗುಂಡಾನ ಗೆರಿ ಎಳದ.

"ಅವ್ವ, ನಡಬರಕ ಇರೋದು ನೀನು. ನೀ ರಾಜ."

"ನಾ ಹೆಣ್ಮಗಳಪ್ಪ."

"ನೀತಿಯಾಗ ಹೆಣ್ಣು ಗಂಡು ಇಲ್ಲ. ನಿನ್ನ ಗಡಿಗೆ ಹತ್ತಿದವ ಶತ್ರು. ಶತ್ರುವಿನ ಆಚಿ ಕಡಿಯವ ಮಿತ್ರ. ಅವನ ಆಚಿ ಕಡಿಯವ ಶತ್ರುವಿನ ಮಿತ್ರ."

ರೈಲು ಟೇಶನ್ ಬಂದಂಗ ಹೇಳಿದ. ಸೇಡಂ ನಾವು. ಚಿತ್ತಾಪುರ ಶತ್ರು. ವಾಡಿ ಮಿತ್ರ. ಶಹಾಬಾದ ಶತ್ರುವಿನ ಮಿತ್ರ.

"ಚಿತ್ತಾಪುರದಾಗ ಭಾಂಡೆ ಕೊಡಾಕಿ ನಮ್ಮ ಬಸವಿ ಒಬ್ಬಾಕಿನೇ ಅಲ್ಲೇನೋ" ಅಂದೆ.

"ಅದೇ ಮತ್ತ!" ಅಂದ.

ಆಮ್ಯಾಲ ನಿನ್ನ ಅಂಗಡಿ ಎದುರಿನ ಕಂಬಕ್ಕ 'ಶಿವಕಾಂತಮ್ಮ ಭಾಂಡೆ ಭಂಡಾರ, ಸೇಡಂ. ಬಾಡಿಗಿ ಅರ್ಧ' ಅಂತ ತಗಡಿನ ಬೋರ್ಡು ಹಾಕಿ ಬಂದಾನ. ಯಾರೋ ಪೇಂಟರನ ಕಡಿಂದ ಬರಸ್ಯಾನ. ನನಗ ಗೊತ್ತೇ ಇರಲಿಲ್ಲ. ನೀ ಬಂದು "ಈ ಬೋರ್ಡು ಚಿತ್ತಾಪುರದಾಗ ಇರೋತನಕ ನಿನ್ನ ಜೋಡಿ ಬಾಯಿಬಿಟ್ಟು ಮಾತಾಡಿದ್ರ ಕೇಳು" ಅಂತ ಆಣಿ ಮಾಡಿದಿ. ನನಗೂ ಸಿಟ್ಟು ಬಂತು, ನಾನೂ ಮಾಡಿದೆ. ಕಿತ್ತಸೋಣು ಅಂದ್ರ ಸಂತೋಷ "ನೆಟ್ಟ ಧ್ವಜ ರಾಜ ತಾನೇ ಕೀಳಬಾರದು" ಅಂತ ಹಟ ಹಿಡದಾನ.

ಅದು ಹಂಗ ಇರಲಿ. ಏಪ್ರಿಲ್ ಮೂವತ್ತಕ್ಕ, ಬಸವ ಜಯಂತಿ ದಿನ, ಕೊಡ್ಲಿ ಮಠದಾಗ ಐವತ್ತೊಂದು ಜೋಡಿ ಲಗ್ನ ಅದ. ಐದು ಸಾವಿರ ಮಂದಿ ಉಣ್ತಾರ. ಹನ್ನೊಂದು ದೊಡ್ಡ ಹಂಡೆ ಬೇಕು. ಆರು ನನ್ನವು, ಐದು ನಿನ್ನವು. ನಾವಿಬ್ರೂ ಏಳನೇತ್ತೆ ತನಕ ಸಾಲಿ ಕಲತದ್ದು ಆ ಮಠದ ಪ್ರಸಾದ ಉಂಡೇ. ಮಾತು ಬಿಟ್ಟಿದ್ದು ಬಿಟ್ಟಂಗ ಇರಲಿ, ಹಂಡೆ ಬಿಡಬ್ಯಾಡ.

ನಿನ್ನ ಜೋಡಿ ಮಾತಾಡದಾಕಿ,
ಶಿವಕಾಂತಮ್ಮ


ಚಿತ್ತಾಪುರ
22 ಜನವರಿ 2025

ಸೇಡಂ ಸಂಸ್ಥಾನದ ಮಹಾರಾಣಿ ಶ್ರೀಮತಿ ಶಿವಕಾಂತಮ್ಮನವರ ಸನ್ನಿಧಿಗೆ, ಅವರ ಶತ್ರು ಬಸವೇಶ್ವರಿ ಬರೆದುಕೊಳ್ಳುವುದೇನೆಂದರೆ,

ತಾವು ಕಳಿಸಿದ ಎಳ್ಳು ಬೆಲ್ಲ ಮುಟ್ಟಿತು. ಎಳ್ಳು ಕಡಿಮೆ, ಪುಠಾಣಿ ಹೆಚ್ಚು. ರಾಜರ ಮನೆತನದಾಗೂ ಹಿಂಗ ಕಂಜೂಸಿ ಇರ್ತದ ಅಂತ ಈಗ ತಿಳೀತು.

ನನ್ನ ಮಗಳು ಸಪ್ನಾನೂ ಅದೇ ಶಿಬಿರಕ್ಕ ಹೋಗಿದ್ದಳ್ರಿ. ತಮ್ಮ ಮಂತ್ರಿಗಳ ಹಿಂದಿನ ಕುರ್ಚಿಯಾಗ ಕುಂತಿದ್ದಳು. ಎರಡನೇ ದಿನ ಉಂಡು ಬಂದ ಮ್ಯಾಲ ಮಂತ್ರಿಗಳು ಗೊರಕಿ ಹೊಡದರಂತ. ಶತ್ರು ಜೋಡಿ ರಾಜಿ ಹ್ಯಾಂಗ ಆಗಬೇಕು ಅನ್ನೋ ಪಾಠ ನಡೆದದ್ದು ಆ ಹೊತ್ತಿಗೇ ಅಂತ.

ನಮ್ಮ ಮನಿಯಾಗೂ ಗುಂಡಾನ ಗೆರಿ ಬಂದಾವ. ನಡುವ ನಾನು. ಈ ಬಾಜು ಸೇಡಂ ಶತ್ರು, ಆ ಬಾಜು ವಾಡಿ ಶತ್ರು, ಶಹಾಬಾದ ಮಿತ್ರ. ನಿಮಗ ಒಂದೇ ಶತ್ರು, ನನಗ ಎರಡು. ಸಾಲಿಯಾಗ ಇದ್ದಾಗಿಂದ ನಿಮ್ಮ ಪಾಲಿಗೆ ಹಗೂರಂದೇ ಬರ್ತದ.

ದಿನಾ ಮುಂಜಾನೆ ಕಸಾ ಹೊಡದು ತಲಿ ಎತ್ತಿದ್ರ ನಿಮ್ಮ ಬೋರ್ಡು. ಗಿರಾಕಿ ಕೇಳ್ತಾರ, "ಎದುರಿಗೆ ಅರ್ಧಕ್ಕ ಕೊಡ್ತಾರಲ್ರಿ, ನಿಮ್ಮದ್ಯಾಕ ಪೂರ್ತಿ?" ಅಂತ. "ಎದುರಿಗೆ ಇರೋದು ಕಂಬ, ಯಪ್ಪಾ. ಕಂಬದಾಗ ಅನ್ನ ಮಾಡ್ತೀಯೇನು?" ಅಂತೀನಿ. ಆದ್ರೂ ಮೂರು ಮಂದಿ ಸೇಡಂಗೆ ಹೋದ್ರು. ಅವರು ನಿಮ್ಮಲ್ಲಿಗೆ ಬಂದಿದ್ದು ನನಗ ಗೊತ್ತದ.

ಸಪ್ನಾ ಬೋರ್ಡು ಕಿತ್ತಿ ಒಗೀತೀನಿ ಅಂದಳು. ನಾ ಬ್ಯಾಡ ಅಂದೆ. ನೆಟ್ಟವರೇ ಕೀಳಬೇಕು.

ಮಠದ್ದು ಬ್ಯಾರೆ. ಉಣ್ಣೋರು ಯಾರಿಗೂ ಶತ್ರು ಅಲ್ಲ. ನನ್ನ ಐದು ಹಂಡೆ ಬರ್ತಾವ. ತಾವು ಮೂಡಲ ಒಲಿ ಹತ್ರ ನಿಲ್ಲಬೇಕು, ನಾ ಪಡುವಲ ಒಲಿ ಹತ್ರ.

ಡಬ್ಬಿ ಬರಿದು ಕಳಿಸಬಾರದು. ಒಂದು ಒಣ ಮೆಣಸಿನಕಾಯಿ ಇಟ್ಟೀನಿ.

ತಮ್ಮ ಆಜ್ಞಾಧಾರಕ ಶತ್ರು,
ಬಸವೇಶ್ವರಿ


ಸೇಡಂ
18 ಫೆಬ್ರವರಿ 2025

ಬಸವಿಗೆ,

ನಿನ್ನ ಮೆಣಸಿನಕಾಯಿ ಸಾರಿಗೆ ಹಾಕಿದೆ. ಖಾರ ಕಡಿಮಿ ಇತ್ತು.

ಮಹಾರಾಣಿ ಅಂದಿ. ಮಹಾರಾಣಿ ಬಾಳ್ವಿ ಹ್ಯಾಂಗ ನಡದದ ಕೇಳು. ಸಾಮ, ದಾನ, ಭೇದ, ದಂಡ ಅಂತ ಸಂತೋಷ ಗೋಡಿ ಮ್ಯಾಲ ದೊಡ್ಡದಾಗಿ ಬರದಾನ. ಹೋದ ವಾರ ಒಬ್ಬ ಗಿರಾಕಿ ನಾಕು ಪಾತೇಲಿ ಹೊತ್ತಿಸಿ ಕರ್ರಗ ಮಾಡಿ ತಂದ. ಮೊದಲಾಗಿದ್ರ ನಾ ಬೈತಿದ್ದೆ, ಅವಾ ತಿಕ್ಕಿ ಕೊಟ್ಟು, ಚಾ ಕುಡದು ಹೋಗ್ತಿದ್ದ. ಈಗ ಸಂತೋಷ ಮೊದಲ ಸಾಮ ಅಂತ, "ಅಣ್ಣಾರ, ನಿಮ್ಮಂಥ ಗಿರಾಕಿ ಈ ತಾಲೂಕಿನಾಗ ಇಲ್ಲ" ಅಂದ. ಅವಾ ಖುಷಿ ಆದ. ಆಮ್ಯಾಲ ದಾನ ಅಂತ ಒಂದು ಸೌಟು ಕೊಟ್ಟ. ಭೇದಕ್ಕ ಬರೋದರಾಗ ಅವಾ ಸೌಟು ತಗೊಂಡು ಹೋಗೇಬಿಟ್ಟಿದ್ದ. ಪಾತೇಲಿ ನಾ ತಿಕ್ಕಿದೆ.

ರಾಜನಿಗೆ ಗೂಢಚಾರ ಬೇಕಂತ. ನಮ್ಮಿಬ್ಬರ ಭಾಂಡೆಗೂ ಕಲಾಯಿ ಹಚ್ಚೋ ಲಾಲ್ ಅಹ್ಮದನ್ನ ನೇಮಿಸ್ಯಾನ. ನಿನ್ನೆ ಲಾಲ್ ಅಹ್ಮದ್ ಬಂದು ಕಟ್ಟಿ ಮ್ಯಾಲ ಕುಂತು ಕೇಳ್ತಾನ:

"ಅಕ್ಕಾ, ಬಸವಕ್ಕನೋರು ನಿಮ್ಮ ಸುದ್ದಿ ಕೇಳಿದ್ರು. ಏನಂತ ಹೇಳ್ಲಿ?"

"ನೀ ನನ್ನ ಗೂಢಚಾರ ಇದ್ದೀಯೋ, ಆಕಿ ಗೂಢಚಾರ ಇದ್ದೀಯೋ?"

"ನಾ ಕಲಾಯಿದವ, ಅಕ್ಕಾ. ಆ ಕಡಿ ಚಾ ಛಲೋ ಇರ್ತದ, ಈ ಕಡಿ ಮಂಡಕ್ಕಿ ಸುಸಲಾ ಛಲೋ ಇರ್ತದ."

ಮೊನ್ನೆ ನಾ ಜ್ವರ ಬಂದು ಮಲಗಿದ್ದು ಅವನೇ ಎಲ್ಲ್ಯೋ ಹೇಳ್ಯಾನ. ಮರುದಿನ ಟಂಟಂದಾಗ ಕಷಾಯದ ಪುಡಿ ಬಂತು. ಹೆಸರಿಲ್ಲ, ಊರಿಲ್ಲ. ಸುಂಠಿ ಜಾಸ್ತಿ ಇತ್ತು. ಅಷ್ಟು ಸುಂಠಿ ಹಾಕಾಕಿ ಈ ಭೂಮಿ ಮ್ಯಾಲ ಒಬ್ಬಾಕಿನೇ ಇದ್ದಾಳ. ಹೆಸರು ಬರಿಯಂಗಿಲ್ಲ.

ವಾಡಿ ಮಿತ್ರ ಸೂರ್ಯಕಾಂತ ಸಾವಕಾರನ ಜೋಡಿ ಕಾಯಿ ಒಡದು ಒಪ್ಪಂದ ಆಯ್ತು. ಇಲ್ಲಿ ಒಂದು ಲಗ್ನಕ್ಕ ಎರಡು ಹಂಡೆ ಕಡಿಮಿ ಬಿದ್ವು. ನಿನಗ ಕೇಳಂಗಿಲ್ಲ, ಅವನಿಗೆ ಕೇಳಿದೆ. ಲಗ್ನ ಆದ ಮರುದಿನ ಬಂದ್ವು. ಮಿತ್ರ ಯಾವತ್ತೂ ಶತ್ರುಗಿಂತ ದೂರ ಇರ್ತಾನ ಅನ್ನೋದು ಶಿಬಿರದಾಗ ಯಾರೂ ಹೇಳಿಲ್ಲೇನು?

ಇನ್ನೊಂದು ಮಾತು. ರಾಜನ ಭಂಡಾರ ತನ್ನ ಕೋಟೆಯಾಗೇ ಇರಬೇಕಂತ. ನನ್ನ ಹೆಸರು ಹೊಡದದ್ದು ಒಂದು ಚಮಚ ಬಿಡದಂಗ ತರ್ತೀನಿ ಅಂತ ಸಂತೋಷ ನಿನ್ನ ಕಡಿ ಹೊಂಟಾನ. ನೀನೂ ನಿನ್ನವು ಒಯ್ಯಿ. ಅವನ್ನ ಭಾಳ ಬೈಬ್ಯಾಡ, ಮುಂಜಾನೆ ಉಂಡಿಲ್ಲ.

ಶಿವಕಾಂತಮ್ಮ


ಚಿತ್ತಾಪುರ
31 ಮಾರ್ಚ್ 2025

ಮಹಾರಾಣಿಯವರಿಗೆ,

ಭಾಂಡೆ ಪಾಲಾಗಿದ್ದು ತಮಗ ತಿಳದದ. ಸಂತೋಷ ಹೆಸರು ಓದಿದ, ಸಪ್ನಾ ಗುರುತು ಹಾಕಿದಳು, 'ಶಿವಕಾಂತಮ್ಮ' ಅಂತ ಇದ್ದದ್ದು ಒಂದು ಟಂಟಂಗೆ, 'ಬಸವೇಶ್ವರಿ' ಅಂತ ಇದ್ದದ್ದು ಇನ್ನೊಂದಕ್ಕ. ಸೌಟು, ಜಾಲರಿ, ಮುಚ್ಚಳ, ಎಲ್ಲಾ. ಬಂದೇನವಾಜ್ ಅಂದ, "ಅಕ್ಕಾ, ಅಣ್ಣತಮ್ಮರ ಮನಿ ಪಾಲಿನಾಗೂ ಇಷ್ಟು ಸಪ್ಪಳ ಆಗಿದ್ದಿಲ್ಲ." ನಾ ಒಳಗ ಹೋಗಿ ಕುಂತೆ.

ನಿಮ್ಮ ಮಗನಿಗೆ ಉಣ್ಣಾಕ ಹಾಕೀನಿ. ನಾಕು ರೊಟ್ಟಿ ತಿಂದ. ಶತ್ರು ಮನಿಯಾಗ ಉಣಬಾರದು ಅಂತ ನೀತಿಯಾಗ ಇಲ್ಲಂತ.

ನನ್ನ ಶಹಾಬಾದ ಮಿತ್ರನ ಸುದ್ದಿ ಕೇಳಬ್ಯಾಡ್ರಿ. ಅವಾ ಕಳಿಸಿದ ಹಂಡೆ ತಳ ತೂತು. ಸಾರು ಒಲಿಗೇ ಉಣಿಸಿದೆ.

ನಿನ್ನೆ ಯುಗಾದಿ. ಡಬ್ಬಿಯಾಗ ಬೇವು ಇಟ್ಟೀನಿ. ಬೆಲ್ಲ ನಾ ಇಟ್ಟುಕೊಂಡೀನಿ.

ಬಸವೇಶ್ವರಿ


ಸೇಡಂ
12 ಏಪ್ರಿಲ್ 2025

ಬಸವಿ,

ಇವತ್ತು ಆ ಶತ್ರು ಮಿತ್ರ ಬದಿಗಿಡು.

ನಿನ್ನೆ ಇಲ್ಲಿ ಒಂದು ಲಗ್ನ ಇತ್ತು. ಪಾಲಾದ ಮ್ಯಾಲ ಮೊದಲ ಸಲ ನನ್ನ ಹಂಡೆ ಹೊರಗ ಬಿದ್ವು, ಆರೂ ಹೊಂಟಿದ್ವು. ಅಕ್ಕಿ ಹಾಕಿ, ಕುದಿ ಬಂದು, ದಮ್ ಹಾಕೋಣು ಅಂತ ಮುಚ್ಚಳ ಎತ್ತಿ ಇಟ್ರ ಒಂದು ಹಂಡೆ ಒಳಗೇ ಬಿತ್ತು. ಇನ್ನೊಂದು ಟೊಪ್ಪಿಗಿ ಹಾಕಿದಂಗ ಮ್ಯಾಲೇ ನಿಂತಿತು. ಆರು ಹಂಡೆಗೆ ನನ್ನ ಹತ್ರ ಒಂದೂ ಮುಚ್ಚಳ ಹೊಂದಂಗಿಲ್ಲ. ಅನ್ನ ಮ್ಯಾಲ ಅಕ್ಕಿ, ಕೆಳಗ ಗಂಜಿ. ಬೀಗರು ಉಣ್ಣದ ಎದ್ರು. ಇಪ್ಪತ್ತೈದು ವರ್ಷದಾಗ ನನ್ನ ಭಾಂಡೆಯಾಗಿನ ಅನ್ನಕ್ಕ ಮಂದಿ ಎದ್ದಿದ್ದಿಲ್ಲ.

ಇವತ್ತು ಲಾಲ್ ಅಹ್ಮದ್ ಬಂದು ಮುಚ್ಚಳ ತಿರುವಿ ನೋಡಿ, ಹೊಟ್ಟಿ ಹಿಡಕೊಂಡು ನಕ್ಕ. "ಅಕ್ಕಾ, ನಮ್ಮ ಅಬ್ಬಾ ಮಾಡಿದ್ದು ಮರತೀರೇನು?" ಅಂದ.

ನಾ ಮರತಿದ್ದೆ, ಬಸವಿ. ನೀನೂ ಮರತಿ. ಮೊದಲ ಹಂಡೆ ತಂದಾಗ ಹೆಸರು ಹೊಡಿಸಾಕ ಅವನ ಅಪ್ಪನ ಹತ್ರ ಹೋಗಿದ್ವಿ. ಮೊದಲ ಯಾರ ಹೆಸರು ಅಂತ ಅಲ್ಲೇ ಜಗಳ ತಗದಿದ್ವಿ. ಆ ಮುದುಕ ಏನಂದಿದ್ದ? "ಬೇಟಿ, ಪಾಲುದಾರಿಕಿ ಮುರಿಯೋದು ನಾ ಭಾಳ ನೋಡೀನಿ. ಹಂಡೆಗೆ ಒಬ್ಬಾಕಿ ಹೆಸರು ಹೊಡೀತೀನಿ, ಅದರ ಮುಚ್ಚಳಕ್ಕ ಇನ್ನೊಬ್ಬಾಕಿದು. ಜಗಳ ಆಡ್ರಿ, ಆದ್ರ ಅನ್ನಕ್ಕ ಇಡೋದಕ್ಕಿಂತ ಮೊದಲ ಮುಗಿಸ್ರಿ." ಹನ್ನೊಂದಕ್ಕೂ ಹಂಗೇ ಮಾಡ್ಯಾನ. ಮುಚ್ಚಳ ಯಾವತ್ತೂ ಹಂಡೆ ಮ್ಯಾಲೇ ಕುಂತಿರ್ತಿತ್ತು, ಯಾರು ಹೆಸರು ಓದಿದ್ರು? ನನ್ನ ಆರು ಹಂಡೆ ಮುಚ್ಚಳ ನಿನ್ನ ಕಡಿ ಅವ. ನಿನ್ನ ಐದರವು ನನ್ನ ಕಡಿ. ಅದರಾಗ ಒಂದು ಸಂತೋಷ ವಾಡಿ ಮಿತ್ರನಿಗೆ ಕಾಣಿಕಿ ಅಂತ ಕೊಟ್ಟುಬಿಟ್ಟಾನ. ಕೇಳಿದ್ರ ಸೂರ್ಯಕಾಂತ ಅದನ್ನ ನೀರಿನ ಟಾಕಿಗೆ ಮುಚ್ಚಿ ಸಿಮೆಂಟ್ ಹಚ್ಚಿಬಿಟ್ಟೀನಿ ಅಂತಾನ.

ಶಿಬಿರದ ಫೈಲಿನಾಗ ಮುಚ್ಚಳದ ಮಾತು ಎಲ್ಲಿ ಅದ ತೋರಿಸು ಅಂದೆ. ಸಂತೋಷ ಎರಡು ಸಲ ತಿರುವಿ ಹಾಕಿ, ಫೈಲಿಗೆ ದಾರ ಕಟ್ಟಿಟ್ಟ.

ಇನ್ನ ಹದಿನೆಂಟು ದಿನಕ್ಕ ಐದು ಸಾವಿರ ಮಂದಿ. ಮಠದಾಗ ಹಿಂಗಾದ್ರ ನಾ ಗುರುವಿಗೆ ಮಾರಿ ತೋರಿಸಂಗಿಲ್ಲ. ಮುಚ್ಚಳ ತಗೊಂಡು ಬರ್ತೀಯಲ್ಲ?

ಮತ್ತ ಒಂದು. ಲಿಂಗಪೂಜಿ ಮಾಡಿ ಸುಳ್ಳು ಇಟ್ಟುಕೊಳ್ಳಾಕ ಆಗವಲ್ದು. ಆ ಬೋರ್ಡು ಪೇಂಟರ ಬರದದ್ದಲ್ಲ. ನಾನೇ ಬರದದ್ದು. ಕುಂಕುಮ ಹಚ್ಚಿ, ಕಾಯಿನೂ ನಾನೇ ಒಡದೆ. ಚಿತ್ತಾಪುರದ ಗಿರಾಕಿ ನನ್ನ ಬಾಗಿಲಿಗೆ ಬರ್ತಾರಂದ್ರ ಛಲೋ ಅನ್ನಿಸಿತ್ತು. ನಿನ್ನ ಮಾರಿ ನೆನಪಾಗಲಿಲ್ಲ.

ಶಿವಕಾಂತಮ್ಮ


ಚಿತ್ತಾಪುರ
15 ಏಪ್ರಿಲ್ 2025

ಶಿವಕಾಂತಮ್ಮಗ,

ನಿನ್ನ ಅಕ್ಷರ ನನಗ ಗೊತ್ತಿಲ್ಲೇನು? ಏಳನೇತ್ತೆ ತನಕ ನಿನ್ನ ಪಾಟಿ ನೋಡೇ ಪಾಸಾದಾಕಿ ನಾನು. ಬೋರ್ಡು ಕಂಡ ದಿನಾನೇ ಗುರುತು ಹಿಡದೀನಿ.

ಬೋರ್ಡು ಹಾಕಿದ್ದಕ್ಕ ಸಿಟ್ಟು ಎರಡು ದಿನದ್ದು. 'ನನಗ ಗೊತ್ತೇ ಇರಲಿಲ್ಲ' ಅಂತ ಬರದಿದ್ದಿ ನೋಡು, ಅದರ ಸಿಟ್ಟು ಇನ್ನೂ ಅದ.

ಆರು ಮುಚ್ಚಳ ತರ್ತೀನಿ. ಆಣಿ ಆಣಿನೇ. ಮೂಡಲ ಒಲಿಗೆ ನಿಲ್ಲು.

ಡಬ್ಬಿಯಾಗ ರೊಟ್ಟಿಗೆ ಹಚ್ಚಿಕೊಳ್ಳೋ ಶೇಂಗಾ ಹಿಂಡಿ ಅದ. ನಿನಗಲ್ಲ, ಸಂತೋಷಗ. ಒಣಗ್ಯಾನ.

ಬಸವೇಶ್ವರಿ


ಸೇಡಂ
3 ಮೇ 2025

ಬಸವಿ,

ಮಠದಿಂದ ಬಂದು ಮೂರು ದಿನ ಆಯ್ತು, ಇನ್ನೂ ಕೂದಲಿಗೆ ಹೊಗಿ ವಾಸನಿ ಅದ.

ನಿನಗ ಗೊತ್ತಿಲ್ಲದ್ದು ಮೊದಲ ಹೇಳ್ತೀನಿ. ಏಪ್ರಿಲ್ ಇಪ್ಪತ್ತೆಂಟಕ್ಕ ನಾ ಸಂತೋಷಗ ಅಂದೆ, "ಹೋಗು, ಬೋರ್ಡು ಕಿತ್ತಿ ತಾ. ರಾಜ ಹೇಳಾಕತ್ತಾನ ಅನ್ನು." ಹೋದ. ಬರಿಗೈಲೆ ಬಂದ. "ಅವ್ವ, ಕಂಬ ಖಾಲಿ ಅದ. ಶತ್ರು ಧ್ವಜ ಒಯ್ದಾರ" ಅಂದ. ನೀ ಕಿತ್ತಿ ಮೋರಿಗೆ ಒಗದಿ, ಇನ್ನ ಮುಗೀತು ಅನಕೊಂಡೆ.

ಅದಕ್ಕೇ ಮಠದಾಗ ನಿನ್ನ ಮಾರಿ ನೋಡಾಕ ಧೈರ್ಯ ಆಗಲಿಲ್ಲ. ನೀನೂ ನೋಡಲಿಲ್ಲ. ಆದ್ರ ಮುಚ್ಚಳ ಕೇಳಬೇಕಲ್ಲ? ಹಂಡೆಗೇ ಹೇಳಿದೆ:

"ಏ ಹಂಡೇ, ನಿನ್ನ ಮುಚ್ಚಳ ಪಡುವಲ ಒಲಿ ಹತ್ರ ನಿಂತಾಕಿ ಕಡಿ ಅದ. ಜರಾ ಕೊಡು ಅನ್ನು."

ನೀ ಅಲ್ಲಿಂದ ಅಂದಿ, "ಏ ಮುಚ್ಚಳಾ, ಕೇಳಿದಾಕಿಗೆ ಕಾಲಿಲ್ಲೇನು ಕೇಳು."

"ಕಾಲು ಅವ ಅನ್ನು. ಆಣಿ ಅದ ಅನ್ನು."

"ಆಣಿ ಬಾಯಿಗಿತ್ತು, ಕಾಲಿಗಲ್ಲ ಅನ್ನು!"

ಅಡಗಿ ಸಂಗಣ್ಣ ಸೌಟು ಕೆಳಗಿಟ್ಟ. "ಯಕ್ಕಾ, ನಿಮ್ಮ ಹಂಡೆ ಮುಚ್ಚಳದ ಮಾತು ಮುಗಿಯೋದರಾಗ ಈ ಐವತ್ತೊಂದು ಜೋಡಿಗೆ ಮಕ್ಕಳಾಗ್ತಾವ. ಅನ್ನ ತಳ ಹಿಡಿಯಾಕತ್ತದ ನೋಡ್ರಿ" ಅಂದ. ಅವಾಗ ಇಬ್ರೂ ಓಡಿದ್ವಿ. ನಾ ಒಂದು ಕಿವಿ, ನೀ ಒಂದು ಕಿವಿ ಹಿಡದು ಹತ್ತು ಮುಚ್ಚಳ ಹತ್ತು ಹಂಡೆಗೆ ಕುಂದರಿಸಿ, ಮ್ಯಾಲ ಕೆಂಡ ಹಾಕಿದ್ವಿ. ಎಷ್ಟು ಬರೋಬ್ಬರಿ ಕುಂತ್ವು! ಹನ್ನೊಂದನೇದು ಉಳೀತು, ನಿನ್ನ ಹಂಡೆನೇ, ವಾಡಿ ಮಿತ್ರನ ಟಾಕಿ ಮ್ಯಾಲ ಮುಚ್ಚಳ ಇರೋದು. ಉಗಿ ಹೊಂಟುಹೋಗಾಕತ್ತಿತ್ತು. ನಾಕುನೂರು ಮಂದಿ ಅನ್ನ. ನಾ ಕಣ್ಣು ಮುಚ್ಚಿ ಗುರುವಿನ್ನ ನೆನಸಿದೆ.

ಕಣ್ಣು ತೆರೆದ್ರ ನೀ ಟಂಟಂ ಕಡಿಂದ ಬೋರ್ಡು ಹೊತ್ತು ಬರಾಕತ್ತಿದ್ದಿ. ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿದ್ದಿ, ಬಿಸಿಲಿಗೆ ಹೊಳೀತಿತ್ತು. ಹಂಡೆ ಬಾಯಿ ಮ್ಯಾಲ ಮುತ್ತಲ ಎಲಿ ಹಾಸಿ, ಬರದ ಬಾಜು ಮ್ಯಾಲ ಮಾಡಿ ಮುಚ್ಚಿದಿ. ಹೊಂದಿತು. ಐದು ಸಾವಿರ ಮಂದಿ ಕೈ ತೊಳಕೊಳ್ಳಾಕ ಆ ಒಲಿ ದಾಟೇ ಹೋಗಬೇಕು. ಎಲ್ಲರೂ ಓದಿದ್ರು: ಬಾಡಿಗಿ ಅರ್ಧ. ಬ್ಯಾಸಗಿ ಬಿಸಲಾಗ, ಒಲಿ ಮುಂದ ನಿಂತು, ನನಗ ಚಳಿ ಬಂದಂಗ ಆಯ್ತು.

ಆ ಹಂಡೆ ಅನ್ನನೇ ಎಲ್ಲಾದಕ್ಕಿಂತ ಛಲೋ ಆಗಿತ್ತು ಅಂತ ಸಂಗಣ್ಣ ಅಂದ. ನನಗ ಸಮಾಧಾನ ಆಗಲಿ ಅಂತ ಅಂದಿರಬೇಕು.

ಅಪ್ಪಾವರಿಗೆ ಸಂತೋಷ ತನ್ನ ಫೈಲು ತೋರಿಸಿದ. ಅವರು ಕನ್ನಡಕ ಹಾಕ್ಕೊಂಡು ಪೂರಾ ಓದಿ ಅಂದ್ರು, "ನೀತಿ ಸುಳ್ಳಲ್ಲಪ್ಪ. ಆದ್ರ ಅದು ರಾಜರದು. ರಾಜರು ಒಬ್ಬರದೊಬ್ಬರು ಹಂಡೆ ಕೇಳಿ ಇಸ್ಕೊಂಡು ಅನ್ನ ಮಾಡಿದವರಲ್ಲ. ನಿಮ್ಮವ್ವನ ಕಾಯಕದಾಗ ಗಡಿ ಎಲ್ಲಿ ಬಂತು?" ಸಂತೋಷ ಈಗ ಅಂಗಡಿ ಫರ್ಸಿ ಮ್ಯಾಲಿನ ಗೆರಿ ಒರಸ್ಯಾನ. ಒಂದೇ ಉಳಿಸ್ಯಾನ. ಯಾಕೋ ಅಂದ್ರ "ಹಂಡೆ ಇಡಾಕ ಗುರುತು" ಅಂದ.

ಬೋರ್ಡು ಚಿತ್ತಾಪುರ ಬಿಟ್ಟು ಬಂದ ಮ್ಯಾಲ ಆಣಿ ಮುಗೀತು ಅಂತ ಅಪ್ಪಾವರು ಹೇಳಿದ್ರು. ನೀ ಅಲ್ಲೇ ನಿಂತಿದ್ದಿ. ಮಾತಾಡಬೇಕು ಅಂತ ಹತ್ರ ಬಂದೆ, ಬಸವಿ. ನಾಕು ತಿಂಗಳಿಂದ ಕೂಡಿಟ್ಟ ಮಾತು ಒಂದೂ ನೆನಪಾಗಲಿಲ್ಲ. "ನೀರು ಕುಡದಿಯೇನು?" ಅಂತ ಹಂಡೆಗೇ ಕೇಳಿದೆ.

ನಾಳೆ ಬಿಟ್ಟು ಮುಂದಿನ ಐತವಾರ ಬರ್ತೀನಿ. ನಿನ್ನ ಪಾಲಿನ ನಾಕು ಮುಚ್ಚಳ ತರಲೇನು? ವಾಡಿದು ಟಾಕಿ ಒಡದಾದ್ರೂ ತಗಸ್ತೀನಿ. ಬೋರ್ಡು ತಿರುಗಿ ಕೊಟ್ರ ಅದನ್ನ ಬೆಂಕಿಗೆ ಹಾಕಿ ಬಿಡ್ತೀನಿ.

ಅದನ್ನ ಯಾರು ಕಿತ್ತಿದ್ರು, ಅದು ಹೇಳು ಮೊದಲು.

ನಿನ್ನ
ಶಿವಕಾಂತಮ್ಮ


ಚಿತ್ತಾಪುರ
6 ಮೇ 2025

ಏ ಶಿವೀ,

ಬೋರ್ಡು ನಾ ಕಿತ್ತಿಲ್ಲ. ನೆಟ್ಟವರೇ ಕೀಳಬೇಕು ಅಂದಾಕಿ ನಾ ಹ್ಯಾಂಗ ಕೀಳ್ಲಿ? ಗಾಳಿಗೆ ಬಿತ್ತು. ಭಾಳ ಶಾಣ್ಯಾ ಗಾಳಿ. ನಾಕು ಸ್ಕ್ರೂ ಸಡ್ಲ ಮಾಡಿ, ಒರಸಿ, ನನ್ನ ಅಂಗಡಿ ಕಟ್ಟಿ ಮ್ಯಾಲ ಇಟ್ಟು ಹೋಗಿತ್ತು. ಡಬ್ಬಿ ಬರಿದು ಕಳಿಸಬಾರದು, ಸ್ಕ್ರೂ ಅದರಾಗ ಇಟ್ಟೀನಿ. ಯುಗಾದಿ ಬೆಲ್ಲನೂ ಅದ.

ಮುಚ್ಚಳ ತರಬ್ಯಾಡ. ಹಂಡೆ ನಿನ್ನ ಕಡಿ ಕಳಿಸ್ತೀನಿ. ಸೂರ್ಯಕಾಂತನ ಟಾಕಿ ಒಡಿಬ್ಯಾಡ, ಪಾಪ, ನೀರಿನ ಊರಲ್ಲ ಅದು.

ಬೋರ್ಡು ಕೊಡಂಗಿಲ್ಲ. ಹನ್ನೊಂದನೇ ಹಂಡೆಗೆ ಅದೇ ಮುಚ್ಚಳ ಅಂತ ಬಾಡಿಗಿಗೆ ಹಚ್ಚೀನಿ. ಮೂರು ಗಿರಾಕಿ ಕೇಳ್ಯಾರ. ಅರ್ಧನೇ ತಗೋತೀನಿ, ಮ್ಯಾಲ ಬರದದಲ್ಲ.

ಐತವಾರ ಬಾ. ಬರಿಗೈಲೆ ಬಾ. ಆ ಕಟ್ಟಳಿ ಡಬ್ಬಿಗಷ್ಟೇ.

ಬಸವಿ